ಟಿಬಿ ಪ್ರಶ್ನೋತ್ತರ: ಸುಪ್ತವೋ ಸಕ್ರಿಯವೋ, ಎದೆರೋಗ ವೈದ್ಯರನ್ನು ಕೇಳಿ

ಗುಬ್ಬಚ್ಚಿ: ಡಾಕ್ಟ್ರೇ, ಇಗ್ರಾ (ಟಿಬಿ ಸೋಂಕಿನ ರಕ್ತಪರೀಕ್ಷೆ) ಪಾಸಿಟಿವ್ ಬಂದಿದೆ. ಕೆಮ್ಮಿಲ್ಲ, ಜ್ವರ ಇಲ್ಲ, ಎಕ್ಸ್‌ರೇ ನಾರ್ಮಲ್. ಮನೆಯವರಿಗೆ ಹರಡುತ್ತಾ?

ಡಾಕ್ಟರ್: ನೀವು ಹೇಳಿದಂತಿದ್ದರೆ ಹೆಚ್ಚಾಗಿ ಸುಪ್ತ ಟಿಬಿ, ಅಂದರೆ ಸೋಂಕು ಒಳಗೆ ಮಲಗಿದೆ, ರೋಗವಾಗಿ ಎದ್ದಿಲ್ಲ. ಸುಪ್ತ ಟಿಬಿ ಹರಡುವುದಿಲ್ಲ. ಅದು ಮುಂದೆ ಏಳದಂತೆ ತಡೆ ಚಿಕಿತ್ಸೆ ಬೇಕೇ ಅಂತ ನಿಮ್ಮನ್ನು ನೋಡಿದ ವೈದ್ಯರನ್ನು ಕೇಳಿ.

ಬೆಳದಿಂಗಳು: ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಮುಂದಿನ ವಾರ ಅಡಾಲಿಮುಮ್ಯಾಬ್ ಇಂಜೆಕ್ಷನ್ ಶುರು. ಇಗ್ರಾ ಪಾಸಿಟಿವ್. ಎಕ್ಸ್‌ರೇ ಚೆನ್ನಾಗಿತ್ತು, ಆದ್ರೆ ಹಳೇದು. ಈಚೆಗೆ ಸಂಜೆಯಾದ್ರೆ ಮೈ ಬಿಸಿ, ಬಟ್ಟೆಯೆಲ್ಲ ಸಡಿಲ ಆಗ್ತಿದೆ. ವಾತದ್ದೇ ಇರಬೇಕು ಅಂತ ಸುಮ್ಮನಿದ್ದೀವಿ.

ಡಾಕ್ಟರ್: ಸುಮ್ಮನಿರಬೇಡಿ. ಈ ಸಂಜೆಜ್ವರದ ವಿಷಯ ಇವತ್ತೇ ಅವರ ಡಾಕ್ಟರಿಗೆ ತಿಳಿಸಿ, ಇಂಜೆಕ್ಷನ್ ಆಮೇಲಿನ ಮಾತು.

ಸುಪ್ತ ಟಿಬಿಯಲ್ಲಿ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ. ಅದನ್ನು ನುಂಗಿದ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳ ಸುತ್ತ, ರೋಗಾಣುವಿನ ಗುರುತು ಹಿಡಿಯುವ ಟಿ ಕೋಶಗಳು ನೆರೆದು ಗ್ರ್ಯಾನುಲೋಮಾ ಎಂಬ ಗಂಟು ಕಟ್ಟುತ್ತವೆ. ಸಿಡಿ4 ಎಂಬ ಬಗೆಯ ಟಿ ಕೋಶಗಳು ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಮ್ಯಾಕ್ರೋಫೇಜ್‌ಗಳನ್ನು ಚುರುಕಾಗಿಡುತ್ತದೆ. ಟಿಎನ್‌ಎಫ್ ಎಂಬ ಇನ್ನೊಂದು ಸಂಕೇತ ಪ್ರೋಟೀನ್ ಆ ಗಂಟು ಸಡಿಲಾಗದಂತೆ ನೋಡಿಕೊಳ್ಳುತ್ತದೆ. ಅಡಾಲಿಮುಮ್ಯಾಬ್ ಕಟ್ಟಿಹಾಕುವುದು ಇದೇ ಟಿಎನ್‌ಎಫ್ ಅನ್ನು. ಕೀಲಿಗೆ ಆರಾಮ, ಗಂಟಿಗೆ ಅಪಾಯ.

ಟಿಬಿ ಸಕ್ರಿಯವಾದಾಗ ನಿರೋಧಕ ಶಕ್ತಿ ಸೋತು ಮಲಗಿರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದರ ಆರ್ಭಟವೇ ಜಾಸ್ತಿ: ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮುಗಿಬೀಳುತ್ತವೆ, ರಕ್ತದಲ್ಲಿ ಟೈಪ್ 1 ಇಂಟರ್‌ಫೆರಾನ್ ಎಂಬ ಬೇರೆ ಬಗೆಯ ಸಂಕೇತದ ಗುರುತು ಎದ್ದು ಕಾಣುತ್ತದೆ, ಗಂಟಿನ ನಡುಭಾಗ ಕರಗಿ ಶ್ವಾಸಕೋಶದಲ್ಲಿ ಕುಳಿ ಬೀಳುತ್ತದೆ. ಆ ಕುಳಿ ತೋಡುವ ಕಿಣ್ವಗಳು ನಮ್ಮ ದೇಹದವೇ! ಒಂದೇ ಶ್ವಾಸಕೋಶದಲ್ಲಿ ಒಂದು ಗಂಟು ತಣ್ಣಗಿದ್ದು, ಪಕ್ಕದ್ದು ಕೆರಳಿರಬಹುದು. ಅದಕ್ಕೇ ಹಳೇ ಎಕ್ಸ್‌ರೇ ನಂಬುವಂತಿಲ್ಲ. ಹೊಸ ಎಕ್ಸ್‌ರೇ, ಕಫ ಬಂದರೆ ಅದರ ಪರೀಕ್ಷೆ, ಬೇಕಾದರೆ ಸಿಟಿ ಸ್ಕ್ಯಾನ್. ಸಕ್ರಿಯ ಟಿಬಿ ಇಲ್ಲವೆಂದು ಖಾತ್ರಿಯಾಗದೆ ತಡೆ ಮಾತ್ರೆಯನ್ನೂ ಶುರು ಮಾಡಬಾರದು. ಸಕ್ರಿಯ ರೋಗಕ್ಕೆ ತಡೆ ಚಿಕಿತ್ಸೆಯಂತೆ ಒಂದೆರಡೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳಬಹುದು.

ಹಳೇಬೇರು: ಫಾರ್ವರ್ಡ್ ಆಗಿ ಬಂದದ್ದು: ಇಮ್ಯುನಿಟಿ ಹೆಚ್ಚಿಸುವ ಚೂರ್ಣ, ಟಿಬಿ ಬುಡಸಮೇತ ಮಾಯ 🙏

ಡಾಕ್ಟರ್: ಮೇಲಿನದ್ದು ಓದಿದಿರಾ? ಕುಳಿ ತೋಡುವುದೂ ಇಮ್ಯುನಿಟಿಯೇ. ಚೂರ್ಣ ನಂಬಿ ಮಾತ್ರೆ ಬಿಟ್ಟವರು ಮನೆಮಂದಿಗೆಲ್ಲ ಅಂಟಿಸಬಹುದು.

ನೇರಮಾತು: ಅಣ್ಣಾ, ಹೋದ ತಿಂಗಳು ಸಕ್ಕರೆ ಕಾಯಿಲೆಗೂ ಇದೇ ಚೂರ್ಣ ಹಾಕಿದ್ರಿ!

ಹಳೇಬೇರು: ಹಾಕಿದ್ರೆ ನಿಮ್ಮ ಗಂಟೇನು ಹೋಯ್ತು? ಇಷ್ಟ ಇಲ್ದಿದ್ರೆ ಓದ್ಬೇಡಿ.

ತಿಳಿಗಾಳಿ: ಸುಪ್ತ ಟಿಬಿ ಇದ್ರೆ ಮಗುವಿಗೆ ಹಾಲುಣಿಸಬಹುದಾ?

ನೇರಮಾತು: ಗ್ರೂಪಿರೋದು ಡಾಕ್ಟರ್ ಹೇಳೋದು ಕೇಳೋಕೆ, ನಿಮ್ಮ ಪುಡಿ ಮಾರೋಕಲ್ಲ.

ಹಳೇಬೇರು: ಮಾರೋನು ಅಂದ್ರಾ? ನಾಲಿಗೆ ಬಿಗಿ ಹಿಡೀರಿ.

ಕಿಟಕಿ: ಬಿಸಿಜಿ ಲಸಿಕೆ ಹಾಕಿಸಿದ್ದಕ್ಕೆ ಇಗ್ರಾ ಪಾಸಿಟಿವ್ ಬರುತ್ತಾ ಸರ್? ರೀಡಿಂಗ್ ಜಾಸ್ತಿ ಇದ್ರೆ ಸಕ್ರಿಯ ಅಂತಾನಾ?

ಡಾಕ್ಟರ್: ಎರಡಕ್ಕೂ ಇಲ್ಲ. ಇಗ್ರಾದಲ್ಲಿ ಬಳಸುವ, ಟಿಬಿ ಬ್ಯಾಕ್ಟೀರಿಯಾದ ಈಸ್ಯಾಟ್-6, ಸಿಎಫ್‌ಪಿ-10 ಪ್ರೋಟೀನ್‌ಗಳು ಬಿಸಿಜಿಯಲ್ಲಿಲ್ಲ. ಬಿಸಿಜಿಯ ತಕರಾರು ಚರ್ಮದ ಮಾಂಟೂ ಪರೀಕ್ಷೆಗೆ. ಇಗ್ರಾ ತೋರಿಸುವುದು ಟಿ ಕೋಶಗಳಿಗೆ ಟಿಬಿಯ ಗುರುತಿದೆ ಅಂತಷ್ಟೇ. ಸುಪ್ತವೋ ಸಕ್ರಿಯವೋ ಅದು ಹೇಳದು.

ಮಳೆಬಿಲ್ಲು: ನಂದೂ ಇಗ್ರಾ ಪಾಸಿಟಿವ್, ಹರಡುತ್ತಾ?

ಡಾಕ್ಟರ್: ಮೊದಲ ಉತ್ತರ ಓದಿ.

ಬೆಳದಿಂಗಳು: ಇಂಜೆಕ್ಷನ್ ಮುಂದೂಡಿದ್ರು. ನಾಳೆ ಸಿಟಿ.

ಡಾಕ್ಟರ್: ಒಳ್ಳೇದಾಯ್ತು. ಕತ್ತಿನಲ್ಲಿ, ಕಂಕುಳಲ್ಲಿ ಊದಿದ ಗ್ರಂಥಿ ಕೈಗೆ ಸಿಗುತ್ತಾ ನೋಡಲು ಹೇಳಿ. ಟಿಬಿ ಶ್ವಾಸಕೋಶದಲ್ಲೇ ಇರಬೇಕೆಂದಿಲ್ಲ.

ಹಳೇಬೇರು: ಜೊತೆಗೆ ಚೂರ್ಣ ಕೊಟ್ರೆ ತಪ್ಪೇನು?

ಡಾಕ್ಟರ್: ಟಿಬಿ ಮಾತ್ರೆಗಳಿಂದಲೇ ಲಿವರಿಗೆ ತೊಂದರೆಯಾಗಬಹುದು. ಅದರ ಮೇಲೆ ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿ ಬೇರೆ! ಅಡ್ಮಿನ್, ಇವರ ಪೋಸ್ಟ್ ತೆಗೀರಿ.