‘ಸ್ನಿಗ್ಧತೆ’ ಬದಲು ‘ಮಂದ’ ಅಂದರೆ ಸಾಲದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ದ್ರವಗಳ ಬಗ್ಗೆ ಬರೆದ ಪಾಠವೊಂದರ ಕರಡು ತಿದ್ದುತ್ತಿದ್ದೇನೆ. ದ್ರವ ತನ್ನ ಹರಿವಿಗೆ ತಾನೇ ಒಡ್ಡುವ ತಡೆಗೆ (ಇಂಗ್ಲಿಷಿನ viscosity) ಯಾವ ಕನ್ನಡ ಪದ ಒಳ್ಳೆಯದು ಅನ್ನುವುದು ನನ್ನ ಪ್ರಶ್ನೆ. ಅದರಲ್ಲೊಂದು ಸಾಲು: ‘ಜೇನುತುಪ್ಪದ ಸಾಂದ್ರತೆ ಜಾಸ್ತಿ, ಆದ್ದರಿಂದ ಅದು ನಿಧಾನವಾಗಿ ಹರಿಯುತ್ತದೆ.’ ಒಂದು ಲೋಟ ಜೇನು ಒಂದು ಲೋಟ ನೀರಿಗಿಂತ ಸುಮಾರು 1.4 ಪಟ್ಟು ತೂಕ, ನಿಜ. ನಿಧಾನವಾಗಿ ಹರಿಯುವುದೂ ನಿಜ. ನಡುವಿನ ‘ಆದ್ದರಿಂದ’ ಮಾತ್ರ ತಪ್ಪು.

ಹರಳೆಣ್ಣೆಯನ್ನೇ ನೋಡಿ. ನೀರಿನ ಮೇಲೆ ತೇಲುತ್ತದೆ, ಅಂದರೆ ಸಾಂದ್ರತೆ ನೀರಿಗಿಂತ ಕಮ್ಮಿ. ಆದರೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಿವಿಗೆ ಅದು ಒಡ್ಡುವ ತಡೆ ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು. ಪಾದರಸದ್ದು ತದ್ವಿರುದ್ಧ. ನೀರಿಗಿಂತ 13.6 ಪಟ್ಟು ಭಾರ, ಹರಿಯುವುದು ಹೆಚ್ಚುಕಡಿಮೆ ನೀರಿನ ಹಾಗೆಯೇ.

ಈ ತಡೆಗೆ ಕಾರಣ ತೂಕ ಅಲ್ಲ. ಅಣುಗಳು ಒಂದನ್ನೊಂದು ಎಷ್ಟು ಹಿಡಿದುಕೊಂಡಿವೆ, ಎಷ್ಟು ತೊಡಕಿಕೊಂಡಿವೆ ಅನ್ನುವುದು. ಕಡಲೆಕಾಯಿ ಎಣ್ಣೆಯ ಅಣುವೂ ಉದ್ದ, ಹರಳೆಣ್ಣೆಯದೂ ಉದ್ದ. ಆದರೆ ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 90ರ ಆಸುಪಾಸು ರಿಸಿನೋಲಿಕ್ ಆಮ್ಲ. ಅದರ ಸರಪಳಿಯ 12ನೇ ಕಾರ್ಬನ್ನಿಗೆ ಒಂದು ಹೈಡ್ರಾಕ್ಸಿಲ್ ಗುಂಪು (ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಪರಮಾಣುವಿನ ಜೋಡಿ) ಅಂಟಿಕೊಂಡಿದೆ. ಅದು ಪಕ್ಕದ ಅಣುವಿನ ಜೊತೆ ಹೈಡ್ರೋಜನ್ ಬಂಧ, ಅಂದರೆ ಅಣುಗಳನ್ನು ಒಂದಕ್ಕೊಂದು ಎಳೆದಿಡುವ ಸೆಳೆತ, ಕಟ್ಟಿಕೊಳ್ಳುತ್ತದೆ. ಹರಳೆಣ್ಣೆ ಕಡಲೆಕಾಯಿ ಎಣ್ಣೆಗಿಂತ ಸುಮಾರು ಹತ್ತು ಪಟ್ಟು ನಿಧಾನವಾಗಿರುವುದು ಮುಖ್ಯವಾಗಿ ಇದರಿಂದಲೇ.

ಈಗ ಪದದ ವಿಷಯ. ಹರಿವಿಗೆ ಇರುವ ಈ ತಡೆಗೆ ಪಠ್ಯಪುಸ್ತಕದಲ್ಲಿ ‘ಸ್ನಿಗ್ಧತೆ’ ಅಂತಾರೆ. ಸಂಸ್ಕೃತದ ‘ಸ್ನಿಗ್ಧ’ ಅಂದರೆ ಎಣ್ಣೆಯ ಪಸೆ ಇರುವ, ನುಣುಪಾದ, ಅಕ್ಕರೆಯ. ‘ಸ್ನೇಹ’ದ ಧಾತುವೇ ಇದರದ್ದೂ. ‘ಸ್ನಿಗ್ಧ ನಗು’ ಓದಿ ಗೊತ್ತಿರುವ ಮಗುವಿಗೆ ಇದು ಜಾರುವ ಗುಣ ಅನ್ನಿಸಿದರೆ ತಪ್ಪೇನು? ಇಲ್ಲಿ ಬೇಕಾಗಿರುವುದು ತಡೆಯುವ ಗುಣ! ಹಿಂದಿಯವರು ‘ಶ್ಯಾನತಾ’ ಅಂತಾರೆ, ಅದನ್ನು ತಂದರೆ ಇನ್ನೂ ಕಷ್ಟ.

‘ಜಿಗುಟು’ ಆಗಬಹುದು ಅಂತ ಸ್ನೇಹಿತರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಜಿಗುಟು ಅಂದರೆ ಕೈಗೆ ಅಂಟುವುದು, ದ್ರವಕ್ಕೂ ಬೇರೊಂದು ವಸ್ತುವಿಗೂ ನಡುವಿನ ಮಾತು. ನೀರು ಗಾಜಿಗೆ ಅಂಟುತ್ತದೆ, ಕೆಸುವಿನ ಎಲೆಗೆ ಅಂಟುವುದಿಲ್ಲ. ಆದರೆ ಹರಿವಿಗೆ ನೀರಿನೊಳಗಿರುವ ತಡೆ ಎರಡೂ ಕಡೆ ಅಷ್ಟೇ, ಅಲ್ವಾ? ‘ಗಟ್ಟಿ’ಯೂ ಬೇಡ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಗೂ ನಾವು ಗಟ್ಟಿಯಾಗಿದೆ ಅಂತಲೇ ಹೇಳುವುದು.

ನನಗೆ ಹಿಡಿಸಿದ್ದು ‘ಮಂದ’. ಸಾರು ಮಂದ ಆಯ್ತು, ಸ್ವಲ್ಪ ನೀರು ಹಾಕು ಅಂತೀವಿ. ಮಂದಗತಿಯ ‘ಮಂದ’ವೂ ಅದರೊಳಗೇ ಇದೆ. ‘ಕಾಯಿಸಿದರೆ ಎಣ್ಣೆಯ ಮಂದ ಇಳಿಯುತ್ತದೆ’ ಅಂತ ಬರೆದರೆ ನನ್ನ ಕಿವಿಗೇನೂ ಕಿರಿಕಿರಿಯಿಲ್ಲ. ಇದರ ವಿರುದ್ಧಪದವೂ ಸಿದ್ಧವಾಗಿಯೇ ಇದೆ, ಗ್ಯಾರೇಜಿನವರು ‘ಆಯಿಲ್ ತೆಳ್ಳಗಾಗಿದೆ’ ಅನ್ನುವಾಗ ಹೇಳುವುದು ಇದನ್ನೇ. ತೊಂದರೆ ಇರುವುದು ‘ಮಂದತೆ’ ಅಂದಾಗ. ಬುದ್ಧಿಯೋ ಬೆಳಕೋ ಮಂಕಾದ ಹಾಗೆ ಕೇಳಿಸುತ್ತದೆ.

ಹಾಗಾಗಿ ಕೇಳುವುದಿಷ್ಟು. ನಿಮ್ಮ ಕಡೆ ಎಣ್ಣೆಗೂ ‘ಮಂದ’ ಅಂತಾರಾ, ಇಲ್ಲ ಸಾರು, ಮಜ್ಜಿಗೆ, ಹಿಟ್ಟಿಗೆ ಮಾತ್ರವಾ? ಉತ್ತರ ಕರ್ನಾಟಕದವರು, ಕರಾವಳಿಯವರು ಬೇರೆ ಮಾತು ಬಳಸುತ್ತೀರಾ? ‘ಮಂದ’ವನ್ನು ಹೀಗೆ ನಾಮಪದದಂತೆ ಬಳಸುವುದು ನಿಮಗೆ ಸರಿ ಅನ್ನಿಸುತ್ತದಾ? ಪರೀಕ್ಷೆಯಲ್ಲಿ ‘ಸ್ನಿಗ್ಧತೆ’ಯೇ ಬರುವುದರಿಂದ ಅದನ್ನು ಪೂರ್ತಿ ಬಿಡುವ ಹಾಗಿಲ್ಲ. ಮೊದಲ ಸಲ ‘ಸ್ನಿಗ್ಧತೆ, ಅಂದರೆ ದ್ರವದ ಮಂದ’ ಅಂತ ಬರೆದು, ಆಮೇಲೆ ‘ಮಂದ’ದಲ್ಲೇ ಮುಂದುವರಿಯೋಣ ಅಂತಿದ್ದೇನೆ.