70 ಎಂ.ಎಂ. ಟೆಲಿಸ್ಕೋಪಲ್ಲಿ ಶನಿ ಮಸುಕು, ಲೆನ್ಸ್ ಸರಿಯಿಲ್ವಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಶನಿಯ ಬಳೆ ತೋರಿಸಬೇಕು ಅಂತ ಮುಂದಿನ ಲೆನ್ಸ್ 70 ಎಂ.ಎಂ. ಅಗಲ ಇರುವ ಟೆಲಿಸ್ಕೋಪ್ ತಂದೆ, ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) 700 ಎಂ.ಎಂ. ಜೊತೆಗೆ 20 ಮತ್ತು 6 ಎಂ.ಎಂ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್), ಒಂದು 3ಎಕ್ಸ್ ಬಾರ್ಲೋ (ಚಿತ್ರವನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವ ಲೆನ್ಸ್) ಬಂದಿವೆ. ಸಂಜೆ ಏಳಕ್ಕೆ ತಾರಸಿ ಮೇಲೆ ಇಡುತ್ತೇನೆ. 6ರ ಐಪೀಸಿಗೆ ಬಾರ್ಲೋ ಸೇರಿಸಿದರೆ ಶನಿ ನೀರಲ್ಲಿ ಕಾಣುವ ದೀಪದ ಹಾಗೆ ಅಲುಗಾಡುತ್ತದೆ, ಫೋಕಸ್ ತಿರುಗಿಸಲು ಕೈ ಇಟ್ಟರೆ ಸಾಕು ಓಡಿಯೇ ಹೋಗುತ್ತದೆ. ಲೆನ್ಸ್ ಬದಲಾಯಿಸಬೇಕಾ?

ಉತ್ತರ 1:
ಲೆನ್ಸ್ ಮೇಲೆ ಅನುಮಾನ ಬೇಡ ಸರ್. 700ನ್ನು 6ರಿಂದ ಭಾಗಿಸಿ 3ರಿಂದ ಗುಣಿಸಿ, 350 ಪಟ್ಟು ಆಯಿತು. 70 ಎಂ.ಎಂ. ಲೆನ್ಸ್ ತಡೆಯುವುದು ಹೆಚ್ಚೆಂದರೆ 140 ಪಟ್ಟು, ಅದೂ ಗಾಳಿ ಶಾಂತವಾಗಿದ್ದರೆ. ಬಾರ್ಲೋ ಎತ್ತಿಡಿ. 20ರ ಐಪೀಸಲ್ಲಿ 35 ಪಟ್ಟು ಸಿಗುತ್ತದೆ, ಶನಿ ಚಿಕ್ಕದಾದರೂ ಚೂಪಾಗಿ ಕಾಣುತ್ತದೆ, ಆಮೇಲೆ 6ಕ್ಕೆ ಹೋಗಿ.

ಇನ್ನು ತಾರಸಿ. ಹಗಲೆಲ್ಲ ಕಾದ ಕಾಂಕ್ರೀಟು ಏಳು ಗಂಟೆಗೆ ಇನ್ನೂ ಬಿಸಿ ಬಿಡುತ್ತಿರುತ್ತದೆ, ಅಂಗೈ ಇಟ್ಟು ನೋಡಿ. ಆ ಏಳುವ ಗಾಳಿಯ ಮೂಲಕವೇ ನೀವು ಶನಿಯನ್ನು ನೋಡುತ್ತಿರುವುದು. ಅಂಗಳದಲ್ಲಿ ಮಣ್ಣೋ ಹುಲ್ಲೋ ಇದ್ದರೆ ಅಲ್ಲಿಗೆ ಇಳಿಸಿ, ಅರ್ಧ ಗಂಟೆ ಮೊದಲೇ ಹೊರಗಿಡಿ. ಟ್ರೈಪಾಡ್ ಕಾಲು ಪೂರ್ತಿ ಎಳೆಯದೆ, ಕುರ್ಚಿ ಹಾಕಿಕೊಂಡು ಕೂತು ನೋಡಿ. ಒಂದು ಮರಳಿನ ಚೀಲ ತೂಗುಹಾಕಿದರೆ ಅಲುಗಾಟ ಎಷ್ಟೋ ಕಡಿಮೆಯಾಗುತ್ತದೆ.

ಉತ್ತರ 2:
ಬಳೆ ಈಗ ತೆಳ್ಳಗೆ ಕಂಡರೆ ಬೇಜಾರಾಗಬೇಡಿ. 2025ರ ಮಾರ್ಚ್‌ನಲ್ಲಿ ಅದರ ಅಂಚು ನೇರ ಭೂಮಿಯ ಕಡೆಗಿತ್ತು. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಇನ್ನು ವರ್ಷ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ.

ಮಗಳಿಗೆ ಚಂದ್ರನನ್ನೂ ತೋರಿಸಿ, ಆದರೆ ಹುಣ್ಣಿಮೆಗೆ ಕಾಯಬೇಡಿ. ಅವತ್ತು ನೆರಳೇ ಇರುವುದಿಲ್ಲ, ಎಲ್ಲ ಸಪಾಟು. ಶುಕ್ಲಪಕ್ಷದ ಅಷ್ಟಮಿಯಿಂದ ದಶಮಿವರೆಗೆ ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ನೋಡಿ. ದಶಮಿ ಹೊತ್ತಿಗೆ ಕೋಪರ್ನಿಕಸ್ ಕುಳಿಯಲ್ಲಿ ಬೆಳಗಾಗುತ್ತದೆ, 93 ಕಿ.ಮೀ. ಅಗಲ ಅದು, ಒಳಗೆ ಇನ್ನೂ ಕತ್ತಲು ಇರುವಾಗಲೇ ಅಂಚು ಬೆಳ್ಳಗೆ ಹೊಳೆಯುತ್ತದೆ. ನನಗಂತೂ ಶನಿಗಿಂತ ಇದೇ ಜಾಸ್ತಿ ಇಷ್ಟ.

ಮಗು ಇರುವ ಮನೆ, ಹಗಲಲ್ಲಿ ಟೆಲಿಸ್ಕೋಪ್ ಹೊರಗೆ ಬಿಡಲೇಬೇಡಿ. ಅದರಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಹೋಗುತ್ತದೆ.

ಪ್ರಶ್ನೆ ಕೇಳಿದವರು:
ನಿನ್ನೆ ಅಂಗಳದಲ್ಲಿ 20ರ ಐಪೀಸ್ ಹಾಕಿ ನೋಡಿದೆವು. ಮಣಿಗೆ ಸೂಜಿ ಚುಚ್ಚಿದ ಹಾಗೆ ಬಳೆ ಕಂಡಿತು! ಪಕ್ಕದಲ್ಲೊಂದು ಚುಕ್ಕಿ ಇತ್ತು, ಅದೇನು ಅಂತ ಮಗಳು ಬಿಡದೆ ಕೇಳುತ್ತಿದ್ದಾಳೆ.

ಉತ್ತರ 1:
ಬಳೆಯ ನೇರಕ್ಕೇ ಇದ್ದರೆ ಟೈಟನ್ ಇರಬಹುದು, ಶನಿಯ ಅತಿ ದೊಡ್ಡ ಚಂದ್ರ. ಒಂದು ಸುತ್ತಿಗೆ 16 ದಿನ. ಇವತ್ತು ಎಲ್ಲಿತ್ತು ಅಂತ ಅವಳ ಕೈಯಲ್ಲೇ ಚಿತ್ರ ಬರೆಸಿಡಿ, ನಾಳೆ ಮತ್ತೆ ನೋಡಲಿ.