ಸ್ಲೀಪಿಂಗ್ ಬ್ಯಾಗ್ ಉಬ್ಬುತ್ತಿಲ್ಲ, ಮುಗ್ಗಲು ವಾಸನೆ ಬೇರೆ. ಏನು ಮಾಡಲಿ?

ಪ್ರಶ್ನೆ (ರಾಯಚೂರಿನಿಂದ)
ನಮ್ಮ ಟ್ರೆಕ್ಕಿಂಗ್ ಗುಂಪಿನ ಸಾಮಾನು ಈಗ ನನ್ನ ಮನೆಗೆ ಬಂದಿದೆ. ಒಂದು ಡೌನ್ ಸ್ಲೀಪಿಂಗ್ ಬ್ಯಾಗ್, ಒಂದು ಸಿಂಥೆಟಿಕ್ ಕ್ವಿಲ್ಟ್ (ಕೃತಕ ಎಳೆ ತುಂಬಿದ ಹೊದಿಕೆ). ಎರಡೂ ಹೋದ ಚಳಿಗಾಲದಿಂದ ಸಣ್ಣ ಚೀಲದಲ್ಲಿ ತುರುಕಿದ ಹಾಗೇ ಅಟ್ಟದ ಮೇಲಿದ್ದವು. ಬಿಚ್ಚಿದರೆ ಚಪ್ಪಟೆ. ಡೌನ್ ಬ್ಯಾಗಿನಲ್ಲಿ ಅಲ್ಲಲ್ಲಿ ಗಂಟು, ಮುಗ್ಗಲು ವಾಸನೆ. ಡಿಸೆಂಬರಿಗೆ ಉತ್ತರಾಖಂಡದ ಕೇದಾರಕಾಂಠಕ್ಕೆ ಹೋಗುವವರಿದ್ದೇವೆ. ಸರಿಯಾಗುತ್ತಾ? ಮುಂದೆ ಎಲ್ಲಿಡೋದು? ಕೌದಿಗಳ ಜೊತೆ ಇಡು, ನುಸಿಗುಳಿಗೆ ಹಾಕು ಅಂತಾರೆ ಅಮ್ಮ.

ಉತ್ತರ (ಬಳ್ಳಾರಿಯಿಂದ)
ಸರ್, ಹೊಸದು ಕೊಳ್ಳೋ ಅವಸರ ಬೇಡ. ಡೌನ್ ಅಂದರೆ ಬಾತುಕೋಳಿಯ ಮೆತ್ತನೆ ಪುಕ್ಕ. ಅದರ ಎಳೆಗಳ ನಡುವೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡೋದು. ಮೈಯ ಜಿಡ್ಡು, ತೇವ ಸೇರಿದರೆ ಎಳೆಗಳು ಅಂಟಿಕೊಂಡು ಗಂಟಾಗುತ್ತವೆ. ಮೊದಲು ಬ್ಯಾಗನ್ನು ಮಂಚದ ಮೇಲೆ ಹರವಿ, ಒಂದೆರಡು ದಿನ ಬಿಡಿ, ಆಗಾಗ ಕೊಡವಿ. ಆಗಲೂ ಏಳದಿದ್ದರೆ ತೊಳೆಯಬೇಕು.

ದೊಡ್ಡ ಟಬ್ಬಿನಲ್ಲಿ ಡೌನ್‌ಗೆಂದೇ ಸಿಗುವ ಸೋಪು ಹಾಕಿ ಮೆಲ್ಲಗೆ ಅದುಮಿ. ಹಿಂಡಬೇಡಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್ ಥರದ್ದು ಹಾಕಲೇಬೇಡಿ. ನೀರು ಕುಡಿದ ಬ್ಯಾಗ್ ತುಂಬಾ ಭಾರ ಇರುತ್ತದೆ. ಒಂದು ತುದಿ ಹಿಡಿದು ಎತ್ತಿದರೆ ಒಳಗಿನ ಅಡ್ಡಹೊಲಿಗೆ ಹರಿಯುತ್ತದೆ. ಎರಡೂ ಕೈ ಕೆಳಗೆ ಕೊಟ್ಟು ಎತ್ತಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ಡ್ರೈಯರ್ ನಮ್ಮಲ್ಲಿಲ್ಲ. ಬಿಸಿಲಿಗೇನೂ ಕಮ್ಮಿಯಿಲ್ಲ, ಅದರಲ್ಲೇ ಒಣಗಿಸಲಾ?

ಉತ್ತರ (ಬಳ್ಳಾರಿಯಿಂದ)
ನಮ್ಮ ಒಣ ಹವೆ ಒಳ್ಳೇದೇ. ಆದರೆ ಸುಡುಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ನೈಲಾನ್ ಬಟ್ಟೆ ಸತ್ವ ಕಳೆದುಕೊಳ್ಳುತ್ತದೆ. ನೆರಳಲ್ಲಿ ನವಾರದ ಮಂಚದ ಮೇಲೆ ಹಾಕಿ, ಫ್ಯಾನ್ ಬಿಡಿ. ಮಗುಚುತ್ತಾ, ಬೆರಳಲ್ಲಿ ಗಂಟು ಬಿಡಿಸುತ್ತಾ ಇರಿ. ಮೂರು ದಿನ ಹಿಡಿದರೂ ಆಶ್ಚರ್ಯವಿಲ್ಲ. ಹೊರಗೆ ಒಣಗಿದ ಹಾಗಿದ್ದರೂ ಗಂಟಿನೊಳಗೆ ತೇವ ಉಳಿದಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಕಪ್ಪಗೆ ಮುದ್ದೆ ಕಂಡರೆ ಇನ್ನೂ ಆಗಿಲ್ಲ ಅಂತ.

ಉತ್ತರ (ಗಂಗಾವತಿಯಿಂದ)
ಇಡೋದರ ಬಗ್ಗೆ ನಾನು ಹೇಳ್ತೀನಿ. ಆನೆಗುಂದಿ ಬಂಡೆ ಹತ್ತಲು ಬರುವ ಗೆಳೆಯರ ಬ್ಯಾಗುಗಳೂ ನಮ್ಮನೆಯಲ್ಲೇ ಇರುತ್ತವೆ. ಹಳೇ ಕಾಟನ್ ಸೀರೆಯಲ್ಲಿ ದೊಡ್ಡ ಚೀಲ ಹೊಲಿಸಿ, ಸಡಿಲವಾಗಿ ತುಂಬಿ, ಬೀರುವಿನ ಮೇಲಿನ ಖಾನೆಯಲ್ಲಿಡಿ. ಜಾಗವಿದ್ದರೆ ಹ್ಯಾಂಗರಿಗೆ ಹಾಕಿದರೂ ಆಯ್ತು. ಪ್ಲಾಸ್ಟಿಕ್ ಕವರು ಬೇಡ, ಮಳೆಗಾಲದ ತೇವ ಒಳಗೇ ಕೂರುತ್ತದೆ. ಆರ್‌ಸಿಸಿ ತಾರಸಿ ಕೆಳಗಿನ ಅಟ್ಟವೂ ಬೇಡ. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಅಲ್ಲಿನ ಕಾವಿಗೆ ಎಲಾಸ್ಟಿಕ್ ಬೇಗ ಹಾಳು.

ಅಮ್ಮನವರಿಗೆ ಹೇಳಿ, ಕೌದಿ ಒಟ್ಟಿದರೂ ಕೌದಿಯೇ, ಇದು ಹಾಗಲ್ಲ, ಭಾರ ಬಿದ್ದರೆ ಚಪ್ಪಟೆಯಾಗುತ್ತದೆ. ಆ ರಾಶಿಯಲ್ಲಿಟ್ಟರೆ ಎಲ್ಲಕ್ಕಿಂತ ಮೇಲಿರಬೇಕು. ನುಸಿಗುಳಿಗೆ ಮಾತ್ರ ಖಂಡಿತ ಬೇಡ. ವಾಸನೆ ಹೋಗೋದೇ ಇಲ್ಲ, ರಾತ್ರಿಯಿಡೀ ಅದರೊಳಗೇ ಮುಖವಿಟ್ಟು ಉಸಿರಾಡಬೇಕಲ್ವಾ? ಹುಳ ತಿನ್ನೋದು ಪುಕ್ಕವನ್ನು, ಅದೂ ಜಿಡ್ಡಿದ್ದರೆ ಜಾಸ್ತಿ. ತೊಳೆದು ಒಣಗಿಸಿಟ್ಟು, ತಿಂಗಳಿಗೊಮ್ಮೆ ಹೊರಗೆ ತೆಗೆದು ಕೊಡವಿ.

ಪ್ರಶ್ನೆ ಕೇಳಿದವರು
ಡೌನ್ ಬ್ಯಾಗ್ ಚೆನ್ನಾಗಿ ಎದ್ದಿದೆ, ವಾಸನೆಯೂ ಹೋಯಿತು! ಸಿಂಥೆಟಿಕ್ ಕ್ವಿಲ್ಟ್ ಮಾತ್ರ ಹಾಗೇ ಇದೆ.

ಉತ್ತರ (ಬಳ್ಳಾರಿಯಿಂದ)
ಸಿಂಥೆಟಿಕ್ ಎಳೆ ಒಮ್ಮೆ ಮುರಿದರೆ ಮತ್ತೆ ಏಳಲ್ಲ. ಹಿಮದ ಜಾಗಕ್ಕೆ ಅದನ್ನು ನಂಬಬೇಡಿ, ಅದರ ಬದಲು ಒಂದು ಬ್ಯಾಗ್ ಬಾಡಿಗೆಗೆ ತಗೊಳ್ಳಿ. ಕ್ವಿಲ್ಟ್ ಸಂಡೂರು ಗುಡ್ಡದ ರಾತ್ರಿಗೆ ಧಾರಾಳ ಸಾಕು.